ಹನ್ನೆರಡನೇ ಟೇಬಲ್ಲಿನ ಶಿವಬಸವ್ವ

ಬದುಕಿರುವ ಮನುಷ್ಯರನ್ನು ಸಾಯಿಸುವುದಕ್ಕೆ ಕೊಡಲಿ, ಕುಡಗೋಲು, ವಿಷ ಯಾವುದೂ ಬೇಕಾಗಿಲ್ಲ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಲ್ಯಾಮಿನೇಶನ್ ಮಷಿನ್ ಇದ್ದರೆ ಸಾಕು. ಇಳಕಲ್ಲಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಈ ಮೂರೂ ಇದ್ದವು. ಪಕ್ಕದ ಶೆಡ್ಡಿನಲ್ಲಿ ಹೊಳಬಸಪ್ಪ ಇದ್ದ. ಆದ್ದರಿಂದ ಹುನಗುಂದದ ಶಿವಬಸವ್ವನವರು ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ದಿನಾ ಮುಂಜಾನೆ ಎರಡು ಬಿಸಿ ರೊಟ್ಟಿ ತಿಂದು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಲಿಂಗೈಕ್ಯರಾದರು. ಅವರೊಬ್ಬರನ್ನು ಬಿಟ್ಟು ಬಾದಾಮಿಯ ಅರ್ಧ ಮಂದಿಗೆ ಈ ಸುದ್ದಿ ಗೊತ್ತಿತ್ತು.

ಹೊಳಬಸಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಷಿನ್‌ಗಳನ್ನು ಗುಜರಿಯವರಿಂದ ತಂದು ಬಿಚ್ಚುವುದು, ಬಿಚ್ಚಿದ್ದನ್ನು ಮಾರುವುದು ಅವನ ಉದ್ಯೋಗ. ಶಟಲ್ಲು, ಸ್ಪ್ರಿಂಗು, ಬಾಬಿನ್ನು ಹಳೆಯ ದರ್ಜಿಗಳಿಗೆ ಹೋಗುತ್ತವೆ. ಚಕ್ರವನ್ನು ಗೋಡೆಗೆ ತೂಗುಹಾಕುವ ಶೋಕಿಯವರು ಒಯ್ಯುತ್ತಾರೆ. ಕೆಳಗಿನ ಬೀಡುಕಬ್ಬಿಣದ ಸ್ಟ್ಯಾಂಡನ್ನು ಡೀಸೆಲ್ಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಕರಿ ಬಣ್ಣ ಬಳಿದು, ಮೇಲೊಂದು ಇಳಕಲ್ಲಿನ ಕೆಂಪು ಗ್ರಾನೈಟು ಕೂಡಿಸಿದರೆ ಹೋಟೆಲ್ಲಿಗೆ ಟೇಬಲ್ಲು ಸಿದ್ಧ. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಂದು ದಿನ ಅವನು ನನ್ನ ಅಂಗಡಿಗೆ ಬಂದು 'ಹೊಳಬಸಪ್ಪ, ಪುರಾತನ ವಸ್ತು ತಜ್ಞರು' ಎಂದು ಬೋರ್ಡು ಮಾಡಿಸಿಕೊಂಡ. ಏಳನೆಯ ಇಯತ್ತೆಯಲ್ಲಿ ಎರಡು ಸಲ ಕೂತು ಎದ್ದವನು ಒಂದೇ ಮಧ್ಯಾಹ್ನದಲ್ಲಿ ತಜ್ಞನಾದ.

ಆ ಬೋರ್ಡು ನೋಡಿಯೇ ಶಂಕರಲಿಂಗ ಎಂಬಾತ ಬಂದ. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ ಹೊಸ ಖಾನಾವಳಿ ತೆಗೆಯುವವನಿದ್ದ. ಹಣೆ ತುಂಬ ವಿಭೂತಿ, ಮಾತು ಮೆತ್ತಗೆ, ಬೇಡಿಕೆ ಮಾತ್ರ ವಿಚಿತ್ರ.

"ಬರೇ ಕಬ್ಬಿಣ ಎಲ್ಲಾ ಕಡೆ ಸಿಗತೈತ್ರಿ ತಜ್ಞರ. ನನಗ ಹನ್ನೆರಡು ಟೇಬಲ್ ಬೇಕು, ಒಂದೊಂದಕ್ಕೂ ಒಂದೊಂದು ಕಥಿ ಬೇಕು. ಯಾರ ಮಷಿನ್ನು, ಯಾರು ತುಳದ್ರು, ಎಲ್ಲಾ ಬರದು ಗ್ವಾಡಿಗೆ ಹಚ್ಚತೇನಿ. ಬೆಂಗಳೂರ ಮಂದಿ ಓದಿಕೋತ ಕುಂತ್ರ ಇನ್ನೆರಡು ರೊಟ್ಟಿ ಹೆಚ್ಚಿಗಿ ತಿಂತಾರ."

'ತಜ್ಞರ' ಎಂದು ಕರೆಸಿಕೊಂಡ ಹೊಳಬಸಪ್ಪನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. "ಕಥಿಗೇನು ಬರಗಾಲ ಐತೇನ್ರಿ ನಮ್ಮ ಕಡೆ?" ಎಂದ.

ಹನ್ನೊಂದು ಸ್ಟ್ಯಾಂಡಿಗೆ ಹನ್ನೊಂದು ಕಥೆಗಳನ್ನು ಅವನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ. ಒಂದು ಮಷಿನ್ ಯಾವುದೋ ದೇಸಾಯರ ಕುದುರೆಗೆ ಮಳೆಗಾಲದ ಕೋಟು ಹೊಲಿದಿತ್ತು. ಇನ್ನೊಂದು ಪಟ್ಟದಕಲ್ಲು ನೋಡಲು ಬಂದ ಬಿಳಿ ಸಾಹೇಬನ ಹರಿದ ಪ್ಯಾಂಟು ಹೊಲಿದು, ಅವನ ಮಾನ ಉಳಿಸಿ ಊರಿಗೆ ಕಳಿಸಿತ್ತು. ನಾನು ಕಣ್ಣು ಮಿಟುಕಿಸದೆ ಟೈಪ್ ಮಾಡಿದೆ. ಪ್ರತಿ ಹಾಳೆಯ ಕೆಳಮೂಲೆಯಲ್ಲಿ 'ಟೈಪಿಂಗ್ ಮತ್ತು ಲ್ಯಾಮಿನೇಶನ್: ಕಾಳಪ್ಪ ಜೆರಾಕ್ಸ್, ಇಳಕಲ್' ಎಂದು ನನ್ನ ಹೆಸರನ್ನೂ ಹಾಕಿದೆ. ನನಗೂ ಆಸೆ ಇರುವುದಿಲ್ಲವೇ?

ನಾಳೆ ಖಾನಾವಳಿಯ ಉದ್ಘಾಟನೆ ಎನ್ನುವಾಗ, ಟೆಂಪೋಗೆ ಏರಿಸುವ ಹೊತ್ತಿನಲ್ಲಿ ಹನ್ನೆರಡನೇ ಸ್ಟ್ಯಾಂಡು ಕೈಜಾರಿ ಬಿದ್ದು ಎರಡು ತುಂಡಾಯಿತು. ಬೀಡುಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಹೊಳಬಸಪ್ಪ ಹಣೆಯ ಬೆವರೊರೆಸಿಕೊಂಡು ಶೆಡ್ಡಿನ ನಾಲ್ಕೂ ಮೂಲೆ ನೋಡಿದ. ನಾಲ್ಕನೇ ಮೂಲೆಯಲ್ಲಿ ಹಳೆಯ ಸೀರೆ ಹೊದ್ದುಕೊಂಡು ಅವನ ಅತ್ತೆಯ ಮಷಿನ್ ನಿಂತಿತ್ತು.

ಅದು ಮಾರುವ ಮಾಲಲ್ಲ. ಹೆಂಡತಿ ಮಹೇಶ್ವರಿಯ ತಾಯಿ ಶಿವಬಸವ್ವ ಎಣ್ಣೆ ಹಾಕಲಿಕ್ಕೆಂದು ಕೊಟ್ಟುಹೋದದ್ದು. ಗಂಡ ತೀರಿಕೊಂಡಾಗ ಮಹೇಶ್ವರಿಗೆ ಆರು ವರ್ಷ. ಶಿವಬಸವ್ವ ಅದೇ ಮಷಿನ್ ತುಳಿದು, ಹುನಗುಂದದ ಅರ್ಧ ಊರಿನ ಹೆಂಗಸರ ಕುಬಸ ಹೊಲಿದು ಮಗಳನ್ನು ಬೆಳೆಸಿದವರು. ಈಗ ಹೊಳಬಸಪ್ಪನ ಮಗಳು ಪದ್ಮಶ್ರೀ ಚೊಚ್ಚಿಲ ಬಸುರಿ, ಮುಂದಿನ ತಿಂಗಳು ಬಾಗಲಕೋಟೆಯ ಬೀಗರ ಮನೆಯಲ್ಲಿ ಕುಬಸದ ಕಾರ್ಯ. ಶಿವಬಸವ್ವನ ಮನೆತನದಲ್ಲಿ ಬಸುರಿಗೆ ಉಡಿ ತುಂಬುವಾಗ ತೊಡಿಸುವ ಹಸಿರು ಕುಬಸವನ್ನು ಅಜ್ಜಿಯೇ ಹೊಲಿಯಬೇಕು. ಮಹೇಶ್ವರಿಯದನ್ನು ಅವಳ ಅಜ್ಜಿ ಹೊಲಿದಿದ್ದಳು, ಅದೂ ಇದೇ ಮಷಿನ್‌ನಲ್ಲಿ.

"ಅಳಿಯಂದ್ರ, ಗುಳೇದಗುಡ್ಡದ ಖಣ ತಂದಿಟ್ಟೇನಿ. ಇದನ್ನ ಜ್ವಾಕಿ ಮಾಡಿ ಕೊಡ್ರಿ. ಈ ಒಂದು ಕುಬಸ ಹೊಲದ್ರ ನನ್ನ ಹೊಲಿಗಿ ಪೂರಾ ಆತು" ಎಂದು ಹೇಳಿ ಹೋಗಿದ್ದರು.

ಹೊಳಬಸಪ್ಪ ಮಷಿನ್ ನೋಡಿದ, ನನ್ನನ್ನು ನೋಡಿದ.

"ಲೇ ಕಾಳಪ್ಪ, ಕಬ್ಬಿಣಕ್ಕ ಗುರ್ತು ಇರತೈತೇನಲೇ? ಮ್ಯಾಲಿನ ಮಷಿನ್ ಅತ್ತೀದಽ ಇರಲಿ. ಬುಡಕ ನಾಳಿ ಬ್ಯಾರೇ ಸ್ಟ್ಯಾಂಡ್ ತಂದು ಕುಂಡ್ರಸ್ತೇನಿ. ಯಾರಿಗೆ ತಿಳೀತೈತಿ?"

"ಯಾರಿಗೂ ತಿಳ್ಯಾಂಗಿಲ್ಲ" ಎಂದೆ ನಾನು. ಕಬ್ಬಿಣದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅವನ ತಪ್ಪು, ಕೊಟ್ಟದ್ದು ನನ್ನ ತಪ್ಪು.

ಅತ್ತೆಯ ಸ್ಟ್ಯಾಂಡು ಉಜ್ಜುವಾಗ ಪೆಡಲ್ಲಿನ ಬಲ ಅಂಚಿನಲ್ಲಿ ಉಗುರು ಕೂರುವಷ್ಟು ಆಳದ ಒಂದು ಗೆರೆ ಸಿಕ್ಕಿತು. "ಇಲ್ಲೊಂದು ಡ್ಯಾಮೇಜ್ ಐತಿ" ಎಂದು ತಜ್ಞರು ಅದರ ಮೇಲೆ ಎರಡು ಸಲ ಬಣ್ಣ ಬಳಿದರು.

ಇನ್ನು ಕಥೆ. ಅವನ ತಲೆಯಲ್ಲಿ ಕಥೆಗಳು ಮುಗಿದುಹೋಗಿದ್ದವು. ಗಡಿಬಿಡಿಯಲ್ಲಿ ಖರೆ ಕಥೆಯನ್ನೇ ಹೇಳಿದ. ಫೋನಿನಲ್ಲಿ ಕೇಳಿಸಿಕೊಂಡ ಶಂಕರಲಿಂಗ ಇನ್ನೊಮ್ಮೆ ಹೇಳಿಸಿಕೊಂಡ.

"ಎಂಥಾ ಶರಣಿ ಅದಾರ್ರಿ. ಈಗ ಎಲ್ಲಿ ಇರ್ತಾರ ಅವ್ವಾರು?"

"ಹುನಗುಂದದಾಗ..."

"ಅಂದ್ರ ಇನ್ನೂ ಅದಾರ?" ಶಂಕರಲಿಂಗನ ದನಿ ಇಳಿಯಿತು. "ಜೀವಂತ ಇದ್ದವರ ಸಾಮಾನು ಆಂಟಿಕ್ ಹ್ಯಾಂಗ ಆಕೈತ್ರಿ ತಜ್ಞರ? ಅದು ಸೆಕೆಂಡ್ ಹ್ಯಾಂಡ್ ಆತಲ್ಲ."

ಹೊಳಬಸಪ್ಪ ಒಡೆದು ಬಿದ್ದ ಸ್ಟ್ಯಾಂಡು ನೋಡಿದ. ಟೆಂಪೋ ಹೊರಗೆ ಹಾರ್ನು ಹೊಡೆಯುತ್ತಿತ್ತು. "ಹುನಗುಂದದಾಗ ಇದ್ದರು ಅಂತ ಹೇಳಾಕ ಹತ್ತಿದ್ದೆ ನೋಡ್ರಿ. ಲಿಂಗೈಕ್ಯ ಆಗಿ ಮೂರು ವರ್ಷ ಆತು."

"ಶಿವಶಿವಾ! ಒಂದು ಫೋಟೋ ಕಳಸ್ರಿ."

ಪದ್ಮಶ್ರೀಯ ಮದುವೆಯ ಫೋಟೋದಿಂದ ಶಿವಬಸವ್ವನವರನ್ನು ಕತ್ತರಿಸಿದ್ದು ನಾನೇ. ಪಕ್ಕದಲ್ಲಿ ಹೊಳಬಸಪ್ಪನ ಅರ್ಧ ಕಿವಿ ಉಳಿದಿತ್ತು, ಅದನ್ನೂ ತೆಗೆದೆ.

ಮೂರು ವಾರದ ಮೇಲೆ ಬೇರೆ ಸ್ಟ್ಯಾಂಡಿನ ಮೇಲೆ ಕೂಡಿಸಿದ ಮಷಿನ್ನನ್ನು ನನ್ನ ಓಮ್ನಿಯಲ್ಲಿ ಹಾಕಿಕೊಂಡು ಹುನಗುಂದಕ್ಕೆ ಹೋದೆವು. ಕುಬಸದ ಕಾರ್ಯಕ್ಕೆ ಐದು ದಿನ ಉಳಿದಿತ್ತು. ಮಹೇಶ್ವರಿ ಮುಂಚೆಯೇ ತವರಿಗೆ ಹೋಗಿದ್ದಳು. ಶಿವಬಸವ್ವ ಮಷಿನ್ನಿಗೆ ವಿಭೂತಿ ಹಚ್ಚಿ ಕೈಮುಗಿದು, ಹಸಿರು ಖಣ ಸೂಜಿಯ ಕೆಳಗಿಟ್ಟು ಪೆಡಲ್ ತುಳಿದರು. ಚಕ್ರ ಹಿಂದಕ್ಕೆ ತಿರುಗಿತು. ಮತ್ತೆ ತುಳಿದರು. ದಾರ ಹರಿಯಿತು. ಮೂರನೇ ಸಲಕ್ಕೆ ಹೊಲಿಗೆ ಸೊಟ್ಟಗೆ ಹೋಯಿತು.

"ಇದು ನನ್ನ ಕಾಲಿಗೆ ಹತ್ತವಲ್ದಲ್ಲ ಅಳಿಯಂದ್ರ? ಮಷಿನ್ ಬದಲ ಆಗೇತೇನು?"

"ಬದಲ ಹ್ಯಾಂಗ ಆಕೈತ್ರಿ ಅತ್ತಿ! ಅದಽ ಐತಿ. ನೋಡ್ರಿ, ಮ್ಯಾಲಿನ ಬಂಗಾರದ ಹೂವು ಸೈತ ನಿಮ್ಮವಽ." ಹೊಳಬಸಪ್ಪ ಮೇಲ್ಭಾಗವನ್ನು ಮಾತ್ರ ತೋರಿಸಿದ. ಅಷ್ಟರ ಮಟ್ಟಿಗೆ ಅವನು ಸತ್ಯವಂತ.

ಶಿವಬಸವ್ವ ಮಷಿನ್ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. "ಹಂಗಾರ ನನ್ನ ಕಾಲಿಗೇ ಏನೋ ಆಗೇತಿ" ಎಂದರು ಮೆಲ್ಲಗೆ.

ಅಲ್ಲಿ ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಹೊಳಬಸಪ್ಪ ಬಾಯಿ ತೆರೆದ. ಅವನು ಆ ತೆರೆದ ಬಾಯಿಗೆ ಒಂದು ತಂಬಿಗೆ ನೀರು ಸುರಿದುಕೊಂಡ.

ಪಕ್ಕದ ಮನೆಯ ದರ್ಜಿ ಮಲೀಕಸಾಬರನ್ನು ಕರೆಸಿದರು. ನಲವತ್ತು ವರ್ಷದ ಅನುಭವಸ್ಥರು. ಅವರು ಬಂದು ಕೂತು ತುಳಿದರೆ ಮಷಿನ್ ಗರಗರ ಎಂದು ಓಡಿತು. ಓಡದೆ ಏನು, ಕೆಳಗಿದ್ದದ್ದು ಒಳ್ಳೆಯ ಸ್ಟ್ಯಾಂಡೇ.

"ಮಷಿನ್ ಬೆಣ್ಣಿ ಆಗೇತ್ರಿ ಅಕ್ಕಾರ. ಅಳಿಯಂದ್ರ ಕೆಲಸ ಚೊಕ್ಕ ಐತಿ. ದೋಷ ಮಷಿನ್ನದಲ್ಲ" ಎಂದು ಮಲೀಕಸಾಬರು ಶಿವಬಸವ್ವನವರ ಕಾಲನ್ನು ಕನಿಕರದಿಂದ ನೋಡಿದರು.

ಅಲ್ಲಿಂದ ಓಣಿಯೇ ನೆರೆಯಿತು. ಮಲೀಕಸಾಬರ ತಾಯಿ ಕಾಸಿಂಬಿ, "ನಮ್ಮ ಚಾಚಿಗೆ ಲಕ್ವಾ ಹೊಡ್ಯೂ ಮುಂದ ಹಿಂಗಽ ಮದ್ಲ ಕಾಲು ತಾಳ ತಪ್ಪಿತ್ತು" ಎಂದಳು. ಒಬ್ಬರು ಶಿವಬಸವ್ವನವರನ್ನು ಗೆರೆ ಎಳೆದು ಅದರ ಮೇಲೆ ನಡೆಸಿದರು. ಒಬ್ಬರು ಕಣ್ಣು ಮುಚ್ಚಿಸಿ ಒಂಟಿಗಾಲಲ್ಲಿ ನಿಲ್ಲಿಸಿದರು. ಮುದಕಪ್ಪ ಎಂಬ ನಿವೃತ್ತ ಮಾಸ್ತರರು ಅಂಗಾಲಿಗೆ ಕಚಗುಳಿ ಇಟ್ಟು, "ನಗತಾರ, ಆದ್ರ ಪೂರಾ ನಗವಲ್ರು" ಎಂದು ತೀರ್ಪು ಕೊಟ್ಟರು. ಸಂಜೆಗೆ ಗಜೇಂದ್ರಗಡದ ನೆಂಟರು ಫೋನು ಮಾಡಿ, ಮಾತು ಹೋಗಿದೆಯೋ ಇನ್ನೂ ಇದೆಯೋ ಎಂದು ಕೇಳಿದರು. ಮಹೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಹೊಳಬಸಪ್ಪ ನನ್ನನ್ನು ಹಿತ್ತಲಿಗೆ ಎಳೆದೊಯ್ದು ಶಂಕರಲಿಂಗನಿಗೆ ಫೋನು ಹಚ್ಚಿದ. ಹನ್ನೆರಡನೇ ಟೇಬಲ್ ವಾಪಸ್ ಬೇಕು, ಬದಲಿಗೆ ಎರಡು ಕೊಡುತ್ತೇನೆ ಎಂದ.

"ಏನು ಮಾತಾಡ್ತೀರಿ ತಜ್ಞರ! ಆ ಅವ್ವಾರ ಟೇಬಲ್ಲಿನಿಂದನಽ ನಮ್ಮ ಖಾನಾವಳಿ ನಡದೈತಿ. ದಿನಾ ಮಧ್ಯಾಹ್ನ ಮದ್ಲಿನ ರೊಟ್ಟಿ ಅವರಿಗೆ ಎಡಿ ಹಿಡದಽ ಗಿರಾಕಿಗೆ ನೀಡ್ತೇವಿ. ಬಸುರಿ ಹೆಣ್ಮಕ್ಕಳು ಬಂದು ಕೈಮುಗದು ಹೊಕ್ಕಾರ. ಬರೂ ತಿಂಗಳ ಅವರದು ಪುಣ್ಯಸ್ಮರಣಿ ಇಟ್ಕೊಂಡೇನಿ, ನೀವಽ ಅಧ್ಯಕ್ಷರು."

ಹೊಳಬಸಪ್ಪ ಫೋನನ್ನು ಕಿಸೆಗಿಟ್ಟ. ನನಗಂತೂ ಹಾಳೆಯ ಕೆಳಮೂಲೆಯ ನನ್ನ ಹೆಸರೇ ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಬಾಗಲಕೋಟೆಯ ಒಂದು ದವಾಖಾನೆ. ಓಮ್ನಿ ನನ್ನದು, ಅಪರಾಧದಲ್ಲಿ ಪಾಲೂ ನನ್ನದು, ಆದ್ದರಿಂದ ಇಲ್ಲವೆನ್ನಲಾಗಲಿಲ್ಲ. ಎಳೆಯ ಡಾಕ್ಟರು ಶಿವಬಸವ್ವನವರ ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಚಿಮ್ಮಿದ ರಭಸಕ್ಕೆ ಮುಂದಿದ್ದ ಸ್ಟೂಲು ಉರುಳಿತು. ನರ ಚೆನ್ನಾಗಿದೆ, ರಕ್ತ ಚೆನ್ನಾಗಿದೆ, ಎಲುಬು ಚೆನ್ನಾಗಿದೆ.

"ಹಂಗಾರ ಮಷಿನ್ ತುಳಿಯಾಕ ಯಾಕ ಬರವಲ್ದ್ರಿ?" ಎಂದು ಶಿವಬಸವ್ವ ಕೇಳಿದರು.

"ವಯಸ್ಸಾತಲ್ಲ ಅಜ್ಜಿ. ಸಾಕು ಇನ್ನ, ಆರಾಮ ಇರ್ರಿ" ಎಂದು ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಯಾರಾದರೂ ಬೈದಿದ್ದರೆ ಶಿವಬಸವ್ವ ತಿರುಗಿ ಬೈಯುತ್ತಿದ್ದರು. ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಚೀಟಿ ಮಡಚಿಕೊಂಡು ಎದ್ದು ಬಂದರು.

ಓಮ್ನಿ ಹತ್ತಿ ಕೂತರು. ಆಮೇಲೆ ಕೈಚೀಲದಿಂದ ತಮ್ಮ ಹಿತ್ತಾಳೆ ಹಿಡಿಯ ಕತ್ತರಿ ತೆಗೆದು ಮಗಳ ಉಡಿಯಲ್ಲಿಟ್ಟರು.

"ಇದು ನಿನ್ನ ಹತ್ರ ಇರಲಿ. ಪದ್ಮಶ್ರೀ ಕುಬಸ ಪ್ಯಾಟಿಯಾಗ ಹೊಲಸ್ರಿ. ನನ್ನಿಂದ ಆಗೂದಿಲ್ಲ."

ಮಹೇಶ್ವರಿ ಬಿಕ್ಕಿದಳು. ಕನ್ನಡಿಯಲ್ಲಿ ಹೊಳಬಸಪ್ಪನ ಮುಖ ನೋಡಿದೆ. ಇಂಥ ಮುಖ ಇಟ್ಟುಕೊಂಡು ಮನುಷ್ಯ ಹೇಗೆ ಸುಮ್ಮನಿರುತ್ತಾನೋ, ನನಗೆ ಈಗಲೂ ಗೊತ್ತಿಲ್ಲ. ಆದರೆ ನಾನೂ ಸುಮ್ಮನೇ ಇದ್ದೆ.

ಮಹಾಕೂಟದ ಹೊಂಡದಲ್ಲಿ ಒಮ್ಮೆ ಕಾಲು ಅದ್ದಿ ಬರುತ್ತೇನೆ ಎಂದು ಶಿವಬಸವ್ವ ಹೇಳಿದರು. ಹೋದೆವು. ಅವರು ಕಾಲು ಅದ್ದಿ ಕೈಮುಗಿದು ಎದ್ದರು. ಹೊಳಬಸಪ್ಪ ಮಾತ್ರ ಸೊಂಟದವರೆಗೆ ಇಳಿದು ಕಣ್ಣೀರು ಸುರಿಸುತ್ತ ಮೇಲೇಳಲೇ ಇಲ್ಲ. "ನಮ್ಮವ್ವನ ಮ್ಯಾಲ ಎಷ್ಟು ಜೀವ ನೋಡ್ರಿ ಇವರದು" ಎಂದು ಮಹೇಶ್ವರಿ ನನ್ನ ಮುಂದೆ ಕರಗಿದಳು.

ಹೊರಟಾಗ ಊಟದ ಹೊತ್ತು. ಮಹೇಶ್ವರಿ ಫೋನಿನಲ್ಲಿ ನೋಡಿ, "ಇಲ್ಲೇ ಬಾದಾಮಿ ದಾರ್‍ಯಾಗ ಹೊಸಾ ಖಾನಾವಳಿ ಆಗೇತಂತ, ರೊಟ್ಟಿ ಭಾಳ ಚಲೋ ಅಂತ" ಎಂದಳು. ಅದು ಶಂಕರಲಿಂಗನದೇ.

"ಅಲ್ಲಿ ಖಾರ ಭಾಳ" ಎಂದ ಹೊಳಬಸಪ್ಪ.

"ನಮಗ ಖಾರನಽ ಬೇಕು."

"ಇವತ್ತು ಬಂದ್ ಇರತೈತಿ."

"ಅಗೋ, ಹತ್ತು ಗಾಡಿ ನಿಂತಾವಲ್ಲ!"

"ಅವು ಕೆಟ್ಟು ನಿಂತ ಗಾಡಿ" ಎಂದ ಹೊಳಬಸಪ್ಪ, ದನಿ ಅಳುವಂತಾಗಿತ್ತು.

ನಾನು ಜೋರಾಗಿ ದಾಟಿಸಿಬಿಡೋಣವೆಂದು ಗೇರು ಬದಲಿಸಲು ಹೋದೆ. ಗಡಿಬಿಡಿಯಲ್ಲಿ ತಪ್ಪು ಗೇರು ಬಿತ್ತು. ಓಮ್ನಿ ಎರಡು ಸಲ ಕೆಮ್ಮಿ ಖಾನಾವಳಿಯ ಬಾಗಿಲಿಗೇ ಬಂದ್ ಬಿತ್ತು.

ಒಳಗೆ ಹನ್ನೊಂದು ಟೇಬಲ್ಲು ತುಂಬಿದ್ದವು. ಎಡೆ ಹಿಡಿಯುವ ಮುಂಚೆ ಯಾರೂ ಕೂಡುವಂತಿಲ್ಲವಾದ್ದರಿಂದ ಹನ್ನೆರಡನೆಯದು ಒಂದೇ ಖಾಲಿ. ದಣಿದಿದ್ದ ಶಿವಬಸವ್ವ ತಲೆ ತಗ್ಗಿಸಿಕೊಂಡು ನೇರ ಹೋಗಿ ಅಲ್ಲೇ ಕೂತರು. ಹೊಳಬಸಪ್ಪ ಒಂದೇ ನೆಗೆತಕ್ಕೆ ಗೋಡೆಗೆ ಬೆನ್ನು ಹಚ್ಚಿ ನಿಂತ. ಅವನ ಎರಡೂ ಭುಜಗಳ ಹಿಂದಿನಿಂದ ಚೆಂಡುಹೂವಿನ ಹಾರ ಇಣುಕುತ್ತಿತ್ತು.

"ಕುಂಡ್ರಬಾರದೇನ್ರಿ?" ಎಂದಳು ಮಹೇಶ್ವರಿ.

"ನಾ ನಿಂತಽ ಉಣ್ಣತೇನಿ. ಬೆನ್ನಿಗೆ ಚಲೋ ಅಂತ ಈಗ ಡಾಕ್ಟರು ಹೇಳಿದ್ರಲ್ಲ."

"ನಿಮಗ ಯಾವಾಗ ಹೇಳಿದ್ರು?"

ಆಗ ಟೇಬಲ್ಲಿನ ಕೆಳಗಿನಿಂದ ಸದ್ದು ಬಂತು. ಟಕ್ಕ. ಟಕ್ಕ. ಟಕ್ಕ.

ಶಿವಬಸವ್ವ ನೀರಿನ ಲೋಟ ಕೈಯಲ್ಲಿ ಹಿಡಿದು ಎತ್ತಲೋ ನೋಡುತ್ತಿದ್ದರು. ಕಾಲು ತಾನಾಗಿಯೇ ಪೆಡಲ್ ಹುಡುಕಿಕೊಂಡು ತುಳಿಯುತ್ತಿತ್ತು, ಒಂದೇ ಸಮ, ಎಲ್ಲೂ ತಪ್ಪದೆ. ಅವರ ಮುಖ ಬದಲಾಯಿತು. ಚಪ್ಪಲಿ ಬಿಟ್ಟು ಹೆಬ್ಬೆರಳ ಪಕ್ಕದ ಬೆರಳನ್ನು ಪೆಡಲ್ಲಿನ ಬಲ ಅಂಚಿಗೆ ಒತ್ತಿ ತಡವಿದರು. ಎರಡು ಸಲ ಬಳಿದ ಬಣ್ಣದ ಕೆಳಗೂ ಆ ಗೆರೆ ಅಲ್ಲೇ ಇತ್ತು.

"ಮಹೇಶ್ವರೀ! ನನ್ನ ಕಾಲು ನೆಟ್ಟಗದಾವ ಬೇ! ಇಲ್ಲಿ ಕೈ ಹಚ್ಚಿ ನೋಡು. ನಮ್ಮವ್ವನ ಕಾಲುಂಗುರ, ಮುತ್ತೈದಿ ಇದ್ದಾಗ ನನ್ನ ಕಾಲುಂಗುರ ತಿಕ್ಕಿ ತಿಕ್ಕಿ ಬಿದ್ದ ಗೆರಿ ಇದು! ಇದು ನನ್ನದು! ನನ್ನ ಕಾಲಿಗೆ ಏನೂ ಆಗಿಲ್ಲ!" ಎಂದು ಶಿವಬಸವ್ವ ಇಡೀ ಖಾನಾವಳಿ ತಿರುಗಿ ನೋಡುವಂತೆ ನಕ್ಕರು, ನಗುತ್ತಲೇ ಅತ್ತರು.

ಅದೇ ಹೊತ್ತಿಗೆ ಶಂಕರಲಿಂಗ ಒಂದು ಕೈಯಲ್ಲಿ ರೊಟ್ಟಿಯ ತಾಟು, ಇನ್ನೊಂದರಲ್ಲಿ ಊದಿನಕಡ್ಡಿ ಹಿಡಿದು ಬಂದ. "ಓಹೋ, ತಜ್ಞರು! ಸ್ವಲ್ಪ ಸರೀರಿ, ಅವ್ವಾರಿಗೆ ಎಡಿ ಹಿಡೀಬೇಕು."

ಹೊಳಬಸಪ್ಪ ಸರಿಯಲಿಲ್ಲ. ಶಂಕರಲಿಂಗ ಮೊಣಕೈಯಿಂದ ಸರಿಸಿದ. ಗೋಡೆಯ ಮೇಲೆ ಹಾರ ಹಾಕಿಕೊಂಡು ಶಿವಬಸವ್ವ ಕಂಡರು. ಗೋಡೆಯ ಕೆಳಗೆ ಹಾರವಿಲ್ಲದೆ ಶಿವಬಸವ್ವ ಕಂಡರು. ಶಂಕರಲಿಂಗ ಮೇಲೆ ನೋಡಿದ, ಕೆಳಗೆ ನೋಡಿದ, ಮತ್ತೆ ಮೇಲೆ ನೋಡಿದ. ಊದಿನಕಡ್ಡಿಯನ್ನು ಯಾರ ಕಡೆ ತಿರುಗಿಸಬೇಕೆಂದು ತಿಳಿಯದೆ ಅವನ ಕೈ ನಡುವಿನಲ್ಲೇ ನಿಂತಿತು.

ಮಹೇಶ್ವರಿ ಎದ್ದು ಫೋಟೋದ ಕೆಳಗಿನ ಹಾಳೆಯನ್ನು ಗಟ್ಟಿಯಾಗಿ ಓದಿದಳು. "ಲಿಂಗೈಕ್ಯ ಶಿವಬಸವ್ವನವರು" ಎಂಬಲ್ಲಿಂದ ಶುರುಮಾಡಿ ಒಂದಕ್ಷರ ಬಿಡಲಿಲ್ಲ. "ಟೈಪಿಂಗ್ ಮತ್ತು ಲ್ಯಾಮಿನೇಶನ್" ಎಂಬಲ್ಲಿಗೆ ಬಂದಾಗ ಇಡೀ ಖಾನಾವಳಿ ನನ್ನ ಕಡೆ ತಿರುಗಿತು. ನಾನು ಉಪ್ಪಿನಕಾಯಿಯ ಬರಣಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಶಿವಬಸವ್ವ ಕಣ್ಣೊರೆಸಿಕೊಂಡರು.

"ಆ ಎಡಿ ಯಾರಿಗೆ ತಂದೀಪಾ?"

"ನಿ... ನಿಮಗಽರೀ ಅವ್ವಾರ."

"ಹಂಗಾರ ಇತ್ತ ಕೊಡು. ಹಸದೇನಿ."

ಒಂದು ಪೂರಾ ರೊಟ್ಟಿ, ಬದನೆಕಾಯಿ ಪಲ್ಯದೊಂದಿಗೆ, ಯಾರ ಕಡೆಗೂ ನೋಡದೆ ತಿಂದರು. ಆ ರೊಟ್ಟಿ ಮುಗಿಯುವವರೆಗೆ ಹೊಳಬಸಪ್ಪ ಅನುಭವಿಸಿದ ಸಂಕಟವನ್ನು ನಾನು ಪಕ್ಕದಲ್ಲೇ ನಿಂತು ಅನುಭವಿಸಿದ್ದೇನೆ. ನೀರು ಕುಡಿದು ಅವರು ಅಳಿಯನನ್ನು ನೋಡಿದರು.

"ಅಳಿಯಂದ್ರ, ನನ್ನ ಸಾಯಿಸಿದ್ದಕ್ಕ ಸಿಟ್ಟಿಲ್ಲ. ಎಪ್ಪತ್ತು ದಾಟೇನಿ, ಇವತ್ತಿಲ್ಲ ನಾಳಿ ಹೋಗಾಕಿನಽ. ಆದ್ರ ನನ್ನ ಕಾಲಿನ ಮ್ಯಾಲ ನನಗಽ ನಂಬಿಕಿ ಹೋಗೂಹಂಗ ಮಾಡಿದ್ರಲ್ಲ. ರಾತ್ರಿಯೆಲ್ಲಾ ಕಾಲು ಹಿಡಕೊಂಡು ಕುಂತಿದ್ದೆ ನಾನು. ಅದು ಭಾಳ ನೋವಾತು."

ಹೊಳಬಸಪ್ಪ ಅಲ್ಲೇ ನೆಲಕ್ಕೆ ಕೂತು, ಆ ಕಾಲುಗಳನ್ನೇ ಹಿಡಿದು ಅತ್ತ. ಹನ್ನೊಂದು ಟೇಬಲ್ಲಿನ ಗಿರಾಕಿಗಳು ಕೈ ಒಣಗಿದ್ದನ್ನೂ ಮರೆತು ನೋಡಿದರು. ಶಿವಬಸವ್ವ ಅವನನ್ನು ಎಬ್ಬಿಸಲಿಲ್ಲ. ಮಗಳ ಕಡೆ ಕೈ ಚಾಚಿ, "ಕತ್ತರಿ ಕೊಡಿಲ್ಲೆ" ಎಂದರು.

ಗ್ರಾನೈಟು ಬಿಚ್ಚಿದ್ದು ಹೊಳಬಸಪ್ಪ, ಸ್ಟ್ಯಾಂಡು ಹೊತ್ತದ್ದು ಶಂಕರಲಿಂಗ, ಓಮ್ನಿಯನ್ನು ದೂಡಿ ಚಾಲೂ ಮಾಡಿದ್ದು ಗಿರಾಕಿಗಳು. ಸೋಮವಾರ ಬಾಗಲಕೋಟೆಯಲ್ಲಿ ಪದ್ಮಶ್ರೀ ಇಳಕಲ್ ಸೀರೆ ಉಟ್ಟು, ಅಜ್ಜಿ ಹೊಲಿದ ಹಸಿರು ಕುಬಸ ತೊಟ್ಟು ಕೂತಳು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ಶಂಕರಲಿಂಗ ಆಹೇರಿಯ ಉಡುಗೊರೆ ಹಿಡಿದು ಬಂದಿದ್ದ. ಹನ್ನೆರಡನೇ ಟೇಬಲ್ಲಿಗೆ ಹೊಸ ಸ್ಟ್ಯಾಂಡು ಬಂತು, ಆದರೆ ಗೋಡೆ ಬೋಳಾಗಿದೆ ಎಂದು ಪೇಚಾಡಿದ.

"ಕಥಿ ನಾ ಕೊಡ್ತೇನಿ" ಎಂದರು ಶಿವಬಸವ್ವ.

ಮರುವಾರ ಅವರೇ ಇಳಕಲ್ಲಿಗೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ತಲೆ ತಗ್ಗಿಸಿ ಟೈಪ್ ಮಾಡಿದೆ. ಈಗ ಆ ಗೋಡೆಯ ಮೇಲೆ ಹೊಳಬಸಪ್ಪನ ಫೋಟೋ ಇದೆ, ಹಾರವಿಲ್ಲ. ಕೆಳಗೆ ಹೀಗಿದೆ: 'ಹೊಳಬಸಪ್ಪ, ಪುರಾತನ ವಸ್ತು ತಜ್ಞರು, ಇಳಕಲ್. ಇವರು ಇನ್ನೂ ಜೀವಂತ ಇದ್ದಾರೆ. ಅದು ಇವರ ಅತ್ತೆಯವರ ದೊಡ್ಡ ಮನಸ್ಸು.'

ಲ್ಯಾಮಿನೇಶನ್‌ಗೆ ಹಾಕುವ ಮುಂಚೆ ಶಿವಬಸವ್ವ ಕನ್ನಡಕ ಏರಿಸಿ ಕೆಳಮೂಲೆ ನೋಡಿದರು. ನಾನು ಹೆದರಿ ಆ ಜಾಗ ಖಾಲಿ ಬಿಟ್ಟಿದ್ದೆ.

"ನಿನ್ನ ಹೆಸರು ಎಲ್ಲಿ ಐತಿ ಕಾಳಪ್ಪಾ? ಹಾಕು."

ಹಾಕಿದೆ. ಅದರ ಮುಂದೆ ಅವರು ಇನ್ನೆರಡು ಶಬ್ದ ಸೇರಿಸಲು ಹೇಳಿದರು. ಅವನ್ನೂ ಹಾಕಿದೆ. ಮಹಾಕೂಟಕ್ಕೆ ಹೋಗುವವರು ಊಟಕ್ಕೆ ನಿಂತರೆ ಓದಿಕೊಳ್ಳಬಹುದು: 'ಟೈಪಿಂಗ್ ಮತ್ತು ಲ್ಯಾಮಿನೇಶನ್: ಕಾಳಪ್ಪ ಜೆರಾಕ್ಸ್, ಇಳಕಲ್. ಇವರೂ ಅಷ್ಟೇ.'